ಟಿಕೆಟ್ಟಿನಾಚೆಯ ಗೆಲುವು: ಹಾತಕಣಂಗಲೆ, ಕೊಲ್ಲಾಪುರ, 2009

2009ರ ಮೇ 16ರಂದು ಲೋಕಸಭಾ ಚುನಾವಣೆಯ ಮತ ಎಣಿಕೆ. ಮನಮೋಹನ ಸಿಂಗ್ ಸರ್ಕಾರ ಮತ್ತೆ ಬರುತ್ತದೋ ಇಲ್ಲವೋ ಎಂದು ದೇಶವೆಲ್ಲ ದಿಲ್ಲಿಯತ್ತ ನೋಡುತ್ತಿದ್ದಾಗ, ನಮ್ಮ ನಿಪ್ಪಾಣಿಯಾಚೆಗಿನ ಕೊಲ್ಲಾಪುರ ಜಿಲ್ಲೆಯಲ್ಲಿ ಜನ ತಮ್ಮದೇ ಎರಡು ಫಲಿತಾಂಶಗಳಿಗೆ ಕಾದಿದ್ದರು. ಸಂಜೆಯ ಹೊತ್ತಿಗೆ ಎರಡೂ ಬಂದಿದ್ದವು. ಕೊಲ್ಲಾಪುರ ಕ್ಷೇತ್ರದಲ್ಲಿ ಎಪ್ಪತ್ತನಾಲ್ಕು ವಯಸ್ಸಿನ ಸದಾಶಿವರಾವ್ ಮಂಡಲಿಕ ಪಕ್ಷೇತರರಾಗಿ ಗೆದ್ದಿದ್ದರು. ಪಕ್ಕದ ಹಾತಕಣಂಗಲೆಯಲ್ಲಿ ಜಯಸಿಂಗಪುರ, ಶಿರೋಳ ಭಾಗದ ರೈತ ಹೋರಾಟಗಾರ ರಾಜು ಶೆಟ್ಟಿ ಸುಮಾರು 95 ಸಾವಿರ ಮತಗಳ ಅಂತರದಿಂದ ಗೆದ್ದಿದ್ದರು. ಎರಡೂ ಕಡೆ ಸೋತದ್ದು ಒಂದೇ ಪಕ್ಷ, ಶರದ್ ಪವಾರರ ರಾಷ್ಟ್ರವಾದಿ ಕಾಂಗ್ರೆಸ್. ಪವಾರ್ ಆಗ ಕೇಂದ್ರದ ಕೃಷಿ ಸಚಿವರು. ಸಕ್ಕರೆ ಕಾರ್ಖಾನೆಗಳ ಈ ಸೀಮೆ ಅವರ ಪಕ್ಷದ ತವರು. ಕೃಷಿ ಸಚಿವರ ಪಕ್ಷವನ್ನು ಕಬ್ಬು ಬೆಳೆಗಾರರೇ ಅದರ ತವರಿನಲ್ಲಿ ಸೋಲಿಸಿದ ದಿನ ಅದು.

ಪಕ್ಷದ ಉಮೇದುವಾರಿಕೆ ಎಂಬುದನ್ನು ಹೊರಗಿನವನೊಬ್ಬ ದಕ್ಕಿಸಿಕೊಳ್ಳಬಲ್ಲನೇ ಎಂಬ ಪ್ರಶ್ನೆಯನ್ನು ಅಮೆರಿಕದವರು ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಕೇಳುತ್ತಾರೆ. ಅಲ್ಲಿ ಅದಕ್ಕೆ ಉದಾಹರಣೆಗಳಿವೆ. 1940ರಲ್ಲಿ ವಿದ್ಯುತ್ ಕಂಪನಿಯೊಂದರ ಮುಖ್ಯಸ್ಥ ವೆಂಡೆಲ್ ವಿಲ್ಕಿ, ಯಾವ ಹುದ್ದೆಗೂ ಒಮ್ಮೆಯೂ ಆರಿಸಿ ಬಾರದವರು, ಕೆಲವೇ ಕಾಲದ ಹಿಂದೆ ಎದುರು ಪಕ್ಷದಲ್ಲಿದ್ದವರು, ಫಿಲಡೆಲ್ಫಿಯಾ ಅಧಿವೇಶನದ ಆರನೆಯ ಸುತ್ತಿನಲ್ಲಿ ರಿಪಬ್ಲಿಕನ್ ಅಭ್ಯರ್ಥಿಯಾದರು. 1968ರ ತಮ್ಮ ಅಧಿವೇಶನದ ಗಲಭೆಯ ನಂತರ ಡೆಮಾಕ್ರಾಟರು ನಿಯಮ ಬದಲಿಸಿ ಅಭ್ಯರ್ಥಿಯ ಆಯ್ಕೆಯನ್ನು ಮುಖಂಡರ ಕೋಣೆಯಿಂದ ಸಾಮಾನ್ಯ ಬೆಂಬಲಿಗರ ಮತಕ್ಕೆ ಒಪ್ಪಿಸಿದರು. ಆ ಬಾಗಿಲಿನಿಂದಲೇ 1976ರಲ್ಲಿ ಜಿಮ್ಮಿ ಕಾರ್ಟರ್ ಬಂದರು. ರಿಪಬ್ಲಿಕನ್ನರಲ್ಲಿ ಅದೇ ಬಗೆಯ ಬಾಗಿಲಿನಿಂದ 2016ರಲ್ಲಿ ಡೊನಾಲ್ಡ್ ಟ್ರಂಪ್ ಬಂದರು. ಬರ್ನಿ ಸ್ಯಾಂಡರ್ಸ್ ಎರಡು ಸಲ ಹೊಸ್ತಿಲವರೆಗೆ ಬಂದು ಹಿಂದಿರುಗಿದರು.

ನಮ್ಮಲ್ಲಿ ಅಂಥ ಬಾಗಿಲೇ ಇಲ್ಲ. ಅಭ್ಯರ್ಥಿ ಯಾರೆಂಬುದನ್ನು ಪಕ್ಷದ ಸಾಮಾನ್ಯ ಸದಸ್ಯ ತೀರ್ಮಾನಿಸುವುದಿಲ್ಲ. ಬಿ ಫಾರಂಗೆ ಸಹಿ ಹಾಕುವ ಕೈ ತೀರ್ಮಾನಿಸುತ್ತದೆ. ಆ ಕೈ ಎಷ್ಟು ಬಲವಾದದ್ದು ಎಂಬುದನ್ನು ಬೆಂಗಳೂರೇ ಒಮ್ಮೆ ಕಂಡಿದೆ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿದಾಗ, ರಾಷ್ಟ್ರಪತಿ ಹುದ್ದೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಂಸದೀಯ ಮಂಡಳಿಯ ಸಭೆಯೂ ನಡೆಯಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ ರಾಮ್ ಹೆಸರು ಮುಂದಿಟ್ಟರು. ಮಂಡಳಿಯ ಬಹುಮತ ಸಂಜೀವ ರೆಡ್ಡಿಯವರ ಕಡೆ ಬಿತ್ತು. ಹಾಗೆ ಕೈ ಎತ್ತಿದವರಲ್ಲಿ ಕೊಲ್ಲಾಪುರದ ನೆರೆಯ ಕರಾಡದ ಯಶವಂತರಾವ್ ಚವ್ಹಾಣರೂ ಒಬ್ಬರು. ದೇಶದ ಪ್ರಧಾನಿಗೇ ತಮ್ಮ ಪಕ್ಷದ ಉಮೇದುವಾರಿಕೆ ದಕ್ಕಲಿಲ್ಲ. ಮುಂದಿನ ಕಥೆ ಗೊತ್ತಿದ್ದದ್ದೇ: ವಿ. ವಿ. ಗಿರಿ ಪಕ್ಷೇತರರಾಗಿ ನಿಂತರು, ಇಂದಿರಾ ಆತ್ಮಸಾಕ್ಷಿಯ ಮತ ಕೇಳಿದರು, ಆಗಸ್ಟ್ 20ರಂದು ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ ಗಿರಿ ಗೆದ್ದರು, ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಎರಡಾಯಿತು. ಪಕ್ಷ ಕೊಡದ ಉಮೇದುವಾರಿಕೆಯನ್ನು ಚುನಾವಣೆಯಲ್ಲೇ ಸೋಲಿಸಬಹುದು ಎಂಬ ದಾರಿ ಅಂದು ತೆರೆಯಿತು. ಆದರೆ ಗಿರಿಯವರ ಹಿಂದೆ ಪ್ರಧಾನಿಯೇ ಇದ್ದರು. ಹಿಂದೆ ಯಾರೂ ಇಲ್ಲದವನು ಏನು ಮಾಡಬೇಕು? ಅದಕ್ಕೆ ಉತ್ತರ ಹುಡುಕಲು ಹಾತಕಣಂಗಲೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೊದಲು ನೆಲ ನೋಡಬೇಕು. ಪಂಚಗಂಗೆ, ವಾರಣೆ, ಕೃಷ್ಣೆಯರು ಹರಿಯುವ ಕಪ್ಪು ಮಣ್ಣಿನ ಬಯಲು. ನರಸೋಬವಾಡಿಯಲ್ಲಿ ಪಂಚಗಂಗೆ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಇಳಿದರೆ ಚಿಕ್ಕೋಡಿ, ಅಥಣಿ ಸೀಮೆ. ಖಿದ್ರಾಪುರದ ಕೊಪ್ಪೇಶ್ವರ ದೇಗುಲದಲ್ಲಿ ಹಳಗನ್ನಡದ ಶಾಸನಗಳಿವೆ. ಶಿರೋಳ, ಹಾತಕಣಂಗಲೆ, ಗಡಹಿಂಗ್ಲಜ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಸಂತೆಯ ಮಾತು ಮರಾಠಿ. ಇಚಲಕರಂಜಿ ಘೋರ್ಪಡೆಯವರ ಜಹಗೀರಾಗಿತ್ತು. 1904ರಲ್ಲಿ ವಿಠ್ಠಲರಾವ್ ದಾತಾರ್ ತಂದು ನಿಲ್ಲಿಸಿದ ಮೊದಲ ಪವರ್‌ಲೂಮಿನಿಂದ ಅದು ಮಗ್ಗಗಳ ಊರಾಗಿ ಬೆಳೆಯಿತು. ಸುತ್ತಲಿನ ಹಳ್ಳಿಗಳಲ್ಲೆಲ್ಲ ಕಬ್ಬು.

ಈ ನೆಲದಲ್ಲಿ ಹೊರಗಿನವರ ರಾಜಕಾರಣ ಹೊಸದೇನಲ್ಲ. ಕೊಲ್ಲಾಪುರ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಕೇಳಿದ ಪ್ರಜಾ ಪರಿಷತ್ತು 1939ರಲ್ಲಿ ಇದೇ ಜಯಸಿಂಗಪುರದಲ್ಲಿ ಹುಟ್ಟಿತು. ಮಾಧವರಾವ್ ಬಾಗಲ್ ಜೊತೆ ಅದರ ಮುಂಚೂಣಿಯಲ್ಲಿದ್ದವರು ರತ್ನಪ್ಪ ಕುಂಭಾರ. ಶಿರೋಳ ತಾಲೂಕಿನ ನಿಮಶಿರಗಾಂವದವರು. ಅರಮನೆಯ ಬಂಧುವಲ್ಲ, ಜಹಗೀರದಾರರ ಮಗನಲ್ಲ. ಹೋರಾಟದಿಂದಲೇ ಮೇಲೆ ಬಂದು ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. 1952ರ ಮೊದಲ ಲೋಕಸಭೆಯಲ್ಲಿ ರತ್ನಪ್ಪಣ್ಣ ಕುಳಿತರು. ಆ ದಶಕದಲ್ಲೇ ಅವರು ಇಚಲಕರಂಜಿಯ ಹತ್ತಿರ ಪಂಚಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದರು. ರೈತರೇ ಷೇರುದಾರರು, ರೈತರೇ ಮಾಲೀಕರು ಎಂಬುದು ಅಂದಿನ ನಂಬಿಕೆ. ಅದು ದೊಡ್ಡ ನಂಬಿಕೆ, ಪ್ರಾಮಾಣಿಕವಾದದ್ದು. ವಾರಣಾ ದಂಡೆಯಲ್ಲಿ ತಾತ್ಯಾಸಾಹೇಬ ಕೋರೆ, ಶಿರೋಳದಲ್ಲಿ ದತ್ತ ಕಾರ್ಖಾನೆಯ ಸಾ. ರೇ. ಪಾಟೀಲ, ಹುಪರಿಯಲ್ಲಿ ಜವಾಹರ ಕಾರ್ಖಾನೆಯ ಕಲ್ಲಪ್ಪಣ್ಣ ಆವಾಡೆ ಇವರೆಲ್ಲರ ಹೆಸರು ಒಂದೊಂದು ಚಿಮಣಿಯ ಜೊತೆ ಸೇರಿಕೊಂಡಿತು. ಕಾರ್ಖಾನೆಯ ಹಿಂದೆ ಬ್ಯಾಂಕು, ಹಾಲಿನ ಸಂಘ, ನೂಲಿನ ಗಿರಣಿ, ಕಾಲೇಜು ಬಂದವು. ಬಂಜರು ಬದುಕಿಗೆ ಹಸಿರು ಬಂತು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಅದರ ಜೊತೆಗೇ ಒಂದು ಅಧಿಕಾರವೂ ಬೆಳೆಯಿತು. ಅದು ಹೇಗೆ ನಡೆಯುತ್ತದೆಂದು ಕಬ್ಬು ಬೆಳೆಯದ ಓದುಗರಿಗಾಗಿ ಹೇಳಬೇಕು. ಕಬ್ಬು ಬಲಿತ ಮೇಲೆ ಕಾಯುವ ಬೆಳೆಯಲ್ಲ. ಕಟಾವು ತಡವಾದರೆ ತೂಕ ಇಳಿಯುತ್ತದೆ, ಹೂವು ಬಂದರೆ ರಸ ಇಳಿಯುತ್ತದೆ, ಮುಂದಿನ ಕೂಳೆ ಬೆಳೆಯೂ ಹಿಂದೆ ಬೀಳುತ್ತದೆ. ಯಾರ ಹೊಲಕ್ಕೆ ಕಟಾವಿನ ಗ್ಯಾಂಗು ಮೊದಲು ಹೋಗಬೇಕು ಎಂಬ ಚೀಟಿ ಬರೆಯುವುದು ಕಾರ್ಖಾನೆ. ತೂಕದ ಕಾಟಾ ಕಾರ್ಖಾನೆಯದು. ಇಳುವರಿ ಲೆಕ್ಕ ಹಾಕುವುದೂ ಕಾರ್ಖಾನೆಯೇ. ಬಿಲ್ಲು ಯಾವಾಗ ಕೊಡಬೇಕೆಂಬುದು ಆಡಳಿತ ಮಂಡಳಿಯ ತೀರ್ಮಾನ. ಬಿಲ್ಲಿನಿಂದ ಸಾಲ ಮುರಿದುಕೊಳ್ಳುವ ಸೊಸೈಟಿಯೂ ಅದೇ ಜನರ ಕೈಯಲ್ಲಿ. ಇಷ್ಟೆಲ್ಲವೂ ಯಾರ ಕೈಯಲ್ಲಿದೆಯೋ ಅವರ ಮನೆಗೆ ಟಿಕೆಟ್ ತಾನಾಗಿ ಬರುತ್ತದೆ. ಪಕ್ಷಗಳು ಈ ಸೀಮೆಯಲ್ಲಿ ಅಭ್ಯರ್ಥಿಯನ್ನು ಹುಡುಕಿದ್ದು ಕಡಿಮೆ. ಮನೆತನಗಳ ನಡುವೆ ಒಂದನ್ನು ಆರಿಸಿಕೊಂಡಿದ್ದೇ ಹೆಚ್ಚು.

ಹಳೆಯ ಇಚಲಕರಂಜಿ ಲೋಕಸಭಾ ಕ್ಷೇತ್ರದ ಪಟ್ಟಿಯೇ ಇದನ್ನು ಹೇಳುತ್ತದೆ. ರುಕಡಿಯ ಬಾಳಾಸಾಹೇಬ ಮಾನೆ 1977ರಿಂದ ಐದು ಬಾರಿ ಕಾಂಗ್ರೆಸ್ಸಿನಿಂದ ಆರಿಸಿ ಬಂದರು. 1996 ಮತ್ತು 1998ರಲ್ಲಿ ಕಲ್ಲಪ್ಪಣ್ಣ ಆವಾಡೆ. 1999 ಮತ್ತು 2004ರಲ್ಲಿ ಮಾನೆಯವರ ಸೊಸೆ ನಿವೇದಿತಾ ಮಾನೆ, ರಾಷ್ಟ್ರವಾದಿ ಕಾಂಗ್ರೆಸ್ಸಿನಿಂದ. ಮೂರು ದಶಕ, ಎರಡು ಮನೆ.

ಇದಕ್ಕೆ ಎದುರಾಗಿ ನಿಂತ ಶಕ್ತಿ ಹುಟ್ಟಿದ್ದು ಪಕ್ಷದೊಳಗಲ್ಲ, ರಸ್ತೆಯ ಮೇಲೆ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ನಮ್ಮ ರೈತರು ಎದ್ದರು. ಅದರ ಬೆನ್ನಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಅದೇ ಹೊತ್ತಿಗೆ ಪುಣೆಯ ಹತ್ತಿರದ ಚಾಕಣದಲ್ಲಿ ಈರುಳ್ಳಿ ಬೆಲೆಗಾಗಿ ಶರದ್ ಜೋಶಿ ಚಳವಳಿ ಆರಂಭಿಸಿದ್ದರು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಅಂತಾರಾಷ್ಟ್ರೀಯ ಅಂಚೆ ಸಂಸ್ಥೆಯ ಅಧಿಕಾರಿಯಾಗಿದ್ದು, ಆ ಕೆಲಸ ಬಿಟ್ಟು ಬಂದು ಅಂಬೇಠಾಣದಲ್ಲಿ ಹೊಲ ಕೊಂಡು ಒಕ್ಕಲುತನಕ್ಕೆ ಇಳಿದವರು ಅವರು. 1981ರಲ್ಲಿ ಜೋಶಿಯವರ ಚಳವಳಿ ನಿಪ್ಪಾಣಿಗೆ ಬಂತು. ತಂಬಾಕು ಬೆಳೆಗಾರರು ಪುಣೆ, ಬೆಂಗಳೂರು ಹೆದ್ದಾರಿಯ ಮೇಲೆಯೇ ವಾರಗಟ್ಟಲೆ ಬೀಡು ಬಿಟ್ಟರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು, ಹತ್ತಕ್ಕೂ ಹೆಚ್ಚು ರೈತರು ಸತ್ತರು. ನಿಪ್ಪಾಣಿಯ ಆ ರಕ್ತಕ್ಕೆ ರಾಜ್ಯದ ಗಡಿ ಇರಲಿಲ್ಲ. ಕಾಗಲ, ಗಡಹಿಂಗ್ಲಜ, ಶಿರೋಳದ ರೈತರಿಗೂ ಅದು ತಮ್ಮ ಮನೆಯ ಸಾವೇ ಆಗಿತ್ತು. ಬೇಸಾಯದ ಕಷ್ಟಕ್ಕೆ ಮಳೆ, ಹಣೆಬರಹಗಳಿಗಿಂತ ಬೆಲೆ ಕಾರಣ ಎಂಬ ಜೋಶಿಯವರ ಮಾತು ಕಬ್ಬಿನ ಸೀಮೆಯಲ್ಲಿ ಬೇರು ಬಿಟ್ಟಿದ್ದು ಆ ನಂತರ.

ಆ ಬೇರಿನಿಂದ ಚಿಗುರಿದವರು ರಾಜು ಶೆಟ್ಟಿ. ಕಡತದಲ್ಲಿರುವ ಹೆಸರು ದೇವಪ್ಪ ಅಣ್ಣಾ ಶೆಟ್ಟಿ. ಶಿರೋಳದ ಜೈನ ಒಕ್ಕಲು ಮನೆತನ, ಹುಟ್ಟಿದ್ದು 1967ರಲ್ಲಿ. ಕಾರ್ಖಾನೆ ಇಲ್ಲ, ಬ್ಯಾಂಕು ಇಲ್ಲ, ಸಂಖ್ಯಾಬಲದ ಮರಾಠಾ ಜಾತಿಯ ಬೆಂಬಲವೂ ಹುಟ್ಟಿನಿಂದ ಬಂದದ್ದಲ್ಲ. ಜೋಶಿಯವರ ಶೇತಕರಿ ಸಂಘಟನೆಯಲ್ಲಿ ದುಡಿದು, ಕಾರ್ಖಾನೆಗಳ ಗೇಟಿನ ಮುಂದೆ ಲೆಕ್ಕ ಕೇಳುವುದನ್ನು ಕಲಿತರು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಹೋದ ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇಕಡಾ 15ರ ಬಡ್ಡಿ ಸೇರಿಸಿ ಕೊಡಬೇಕು. ಈ ಕಾನೂನು ಪುಸ್ತಕದಲ್ಲಿ ಮಲಗಿತ್ತು. ಅದನ್ನು ಎಬ್ಬಿಸಿ ಹಳ್ಳಿಹಳ್ಳಿಗೆ ಒಯ್ದದ್ದು ಅವರ ಸಂಘಟನೆ. ಹಂಗಾಮು ಶುರುವಾಗುವ ಮೊದಲು ಜಯಸಿಂಗಪುರದಲ್ಲಿ ಕಬ್ಬು ಪರಿಷತ್ತು ನಡೆಸುವುದು, ಈ ವರ್ಷದ ಮೊದಲ ಕಂತು ಟನ್ನಿಗೆ ಇಷ್ಟು ಎಂದು ಬಯಲಿನಲ್ಲೇ ಘೋಷಿಸುವುದು, ಒಪ್ಪದಿದ್ದರೆ ಕಟಾವು ನಿಲ್ಲಿಸುವುದು, ಗಾಡಿ ತಡೆಯುವುದು: ಇದು ವರ್ಷವರ್ಷದ ರೂಢಿಯಾಯಿತು. ಅದುವರೆಗೆ ಕಾರ್ಖಾನೆಯ ಅಧ್ಯಕ್ಷರು ಹೇಳಿದ ಬೆಲೆಯನ್ನು ತಲೆ ತಗ್ಗಿಸಿ ಪಡೆಯುತ್ತಿದ್ದ ರೈತ, ಬೆಲೆ ಕೇಳುವವನಾದ. ನನ್ನ ಮಟ್ಟಿಗೆ 2009ರ ಚುನಾವಣೆ ನಿರ್ಧಾರವಾದದ್ದು ಮತಗಟ್ಟೆಯಲ್ಲಲ್ಲ, ಈ ಬಯಲಿನಲ್ಲಿ.

2002ರಲ್ಲಿ ಅವರು ಜಿಲ್ಲಾ ಪರಿಷತ್ತಿಗೆ ಆರಿಸಿ ಬಂದರು. 2004ರಲ್ಲಿ ಶರದ್ ಜೋಶಿ ಭಾಜಪ ಮೈತ್ರಿಕೂಟದ ಕಡೆ ವಾಲಿ ರಾಜ್ಯಸಭೆಗೆ ಹೋದಾಗ, ಶೆಟ್ಟಿ ಮತ್ತು ಜೊತೆಗಾರರು ಹೊರಬಂದು ಸ್ವಾಭಿಮಾನಿ ಶೇತಕರಿ ಸಂಘಟನೆ ಕಟ್ಟಿದರು. ಅದೇ ವರ್ಷ ಶಿರೋಳ ವಿಧಾನಸಭಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಗೆದ್ದರು. ಖರ್ಚಿಗೆ ಹಣ ಎಲ್ಲಿಂದ? ಒಂದು ಮತ, ಒಂದು ನೋಟು ಎಂಬ ಕೂಗು. ಹಳ್ಳಿಯ ಸಭೆಯಲ್ಲಿ ಮತ ಕೇಳುವ ಅಭ್ಯರ್ಥಿಗೆ ರೈತರು ಹತ್ತು, ಐವತ್ತು, ನೂರರ ನೋಟು ಕೊಟ್ಟು ಕಳಿಸಿದರು. ಮತಕ್ಕೆ ಹಣ ಹಂಚುವ ಕಾಲದಲ್ಲಿ ಮತದ ಜೊತೆ ಹಣವನ್ನೂ ಕೊಡುವ ಮತದಾರ! ಇದರ ಬೆಲೆ ಬರಿಯ ಖರ್ಚಿನ ಲೆಕ್ಕದಲ್ಲಿ ಮುಗಿಯುವುದಿಲ್ಲ. ನೋಟು ಕೊಟ್ಟವನು ಆ ಅಭ್ಯರ್ಥಿಯ ಗೆಲುವಿನಲ್ಲಿ ಪಾಲುದಾರನಾಗುತ್ತಾನೆ, ಮನೆಮನೆಗೆ ತಾನೇ ಹೋಗುತ್ತಾನೆ. ಅಮೆರಿಕದಲ್ಲಿ ಸ್ಯಾಂಡರ್ಸ್ ಸಣ್ಣ ಸಣ್ಣ ದೇಣಿಗೆಗಳಿಂದ ಚುನಾವಣೆ ನಡೆಸಿದರೆಂದು ಜಗತ್ತೇ ಬರೆಯಿತು. ಜಯಸಿಂಗಪುರದ ರೈತರು ಅದಕ್ಕೂ ವರ್ಷಗಳ ಮೊದಲು ಮೊಬೈಲು ಪಾವತಿ ಇಲ್ಲದೆ ಅದನ್ನು ಮಾಡಿ ತೋರಿಸಿದ್ದರು.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಇಚಲಕರಂಜಿ ಲೋಕಸಭಾ ಕ್ಷೇತ್ರ ಹೋಗಿ ಹಾತಕಣಂಗಲೆ ಬಂತು. ಕೊಲ್ಲಾಪುರ ಜಿಲ್ಲೆಯ ಶಾಹುವಾಡಿ, ಹಾತಕಣಂಗಲೆ, ಇಚಲಕರಂಜಿ, ಶಿರೋಳ. ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರ, ಶಿರಾಳಾ. ಸಹ್ಯಾದ್ರಿಯ ಕಾಡಂಚಿನಿಂದ ಕೃಷ್ಣೆಯ ತಟದವರೆಗೆ ಚಾಚಿದ ಕ್ಷೇತ್ರ. 2009ರಲ್ಲಿ ಮುಖ್ಯವಾಗಿ ಮೂವರು. ರಾಷ್ಟ್ರವಾದಿ ಕಾಂಗ್ರೆಸ್ಸಿನಿಂದ ಹಾಲಿ ಸಂಸದೆ ನಿವೇದಿತಾ ಮಾನೆ. ಶಿವಸೇನೆಯಿಂದ ರಘುನಾಥದಾದಾ ಪಾಟೀಲ. ಸಂಘಟನೆಯ ರಾಜಕೀಯ ಮುಖವಾದ ಸ್ವಾಭಿಮಾನಿ ಪಕ್ಷದಿಂದ ರಾಜು ಶೆಟ್ಟಿ. ಇದರಲ್ಲಿ ಎರಡನೆಯ ಹೆಸರನ್ನು ಓದುಗರು ಗಮನಿಸಬೇಕು. ರಘುನಾಥದಾದಾ ಕೂಡ ಶರದ್ ಜೋಶಿಯವರ ಚಳವಳಿಯಿಂದ ಬಂದ ರೈತ ನಾಯಕರೇ. ಒಬ್ಬ ರೈತ ಹೋರಾಟಗಾರ ದೊಡ್ಡ ಪಕ್ಷದ ಟಿಕೆಟ್ ಪಡೆದು ನಿಂತರು, ಇನ್ನೊಬ್ಬರು ಟಿಕೆಟ್ಟಿನ ಹಂಗಿಲ್ಲದೆ ನಿಂತರು. ಶೆಟ್ಟಿಗೆ ಬಿದ್ದ ಮತ 4 ಲಕ್ಷ 80 ಸಾವಿರಕ್ಕೂ ಹೆಚ್ಚು. ಮಾನೆಯವರಿಗೆ ಸುಮಾರು 3 ಲಕ್ಷ 86 ಸಾವಿರ. ಶಿವಸೇನೆಯ ಚಿಹ್ನೆ ಹಿಡಿದ ರಘುನಾಥದಾದಾಗೆ ಸುಮಾರು 55 ಸಾವಿರ. ಪ್ರಯೋಗಶಾಲೆಯಲ್ಲೂ ಇಷ್ಟು ಸ್ಪಷ್ಟವಾದ ಹೋಲಿಕೆ ಸಿಗುವುದು ಕಷ್ಟ. ಆ ವರ್ಷ ಆ ಕ್ಷೇತ್ರದಲ್ಲಿ ಟಿಕೆಟ್ ರೈತ ನಾಯಕನ ಬಲವನ್ನು ಹೆಚ್ಚಿಸಲಿಲ್ಲ, ಕಡಿಮೆ ಮಾಡಿತು.

ಪಕ್ಕದ ಕೊಲ್ಲಾಪುರದ ಕಥೆ ಬೇರೆ ಬಗೆಯದು. ಮಂಡಲಿಕರು ಹೊರಗಿನವರೇನೂ ಅಲ್ಲ. 1998ರಿಂದ ಮೂರು ಬಾರಿ ಸಂಸದರು, ಕಾಗಲ ತಾಲೂಕಿನ ಹಮಿದವಾಡಾದ ಕಾರ್ಖಾನೆಯನ್ನು ಕಟ್ಟಿದವರು. ಅವರನ್ನು ಹೊರಗೆ ಹಾಕಿದ್ದು ಅವರ ಪಕ್ಷ. ಕಾಗಲದಲ್ಲಿ ಅವರೇ ಬೆಳೆಸಿದ ಹಸನ್ ಮುಶ್ರಿಫ್ ಜೊತೆ ಸಂಬಂಧ ಕೆಟ್ಟು ವರ್ಷಗಳಾಗಿದ್ದವು. ಮುಶ್ರಿಫ್ ಮಂತ್ರಿಯಾಗಿದ್ದರು, ಪವಾರರಿಗೆ ಹತ್ತಿರದವರು. 2009ರಲ್ಲಿ ವಯಸ್ಸಾಯಿತೆಂದು ಮಂಡಲಿಕರನ್ನು ಬದಿಗೆ ಸರಿಸಿ, ಪಕ್ಷ ಶಾಹು ಮಹಾರಾಜರ ವಂಶದ ಸಂಭಾಜಿರಾಜೆ ಛತ್ರಪತಿಯವರಿಗೆ ಟಿಕೆಟ್ ಕೊಟ್ಟಿತು. ಮೀಸಲಾತಿಯನ್ನು 1902ರಲ್ಲೇ ಜಾರಿಗೆ ತಂದ ಶಾಹು ಮಹಾರಾಜರ ಹೆಸರು ಕೊಲ್ಲಾಪುರದಲ್ಲಿ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ಆ ಹೆಸರಿನ ಎದುರು ಒಬ್ಬ ವೃದ್ಧ ಪಕ್ಷೇತರರಾಗಿ ನಿಂತರು. ಚಂದಗಡ, ಗಡಹಿಂಗ್ಲಜ, ಕಾಗಲ, ರಾಧಾನಗರಿಯ ಹಳ್ಳಿಗಳು ಅವರನ್ನು ಕೈಬಿಡಲಿಲ್ಲ. ಅವರು ಗೆದ್ದದ್ದು ಸುಮಾರು 45 ಸಾವಿರ ಮತಗಳಿಂದ. ಹಿರಣ್ಯಕೇಶಿ ದಂಡೆಯ ಜನ ಅರಮನೆಯನ್ನು ಅವಮಾನಿಸಿದರೆಂದು ಇದನ್ನು ಓದಬಾರದು. ಅವರು ತಿರಸ್ಕರಿಸಿದ್ದು ಮೇಲಿನಿಂದ ಬಂದ ತೀರ್ಮಾನವನ್ನು.

ಇಬ್ಬರ ಗೆಲುವನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಮಂಡಲಿಕರದು ಮನೆಯೊಳಗಿನ ಬಂಡಾಯ. ಅಂಥದ್ದನ್ನು ನಾವೂ ಕಂಡಿದ್ದೇವೆ: 2019ರಲ್ಲಿ ಮಂಡ್ಯದ ಟಿಕೆಟ್ ಮೈತ್ರಿಯ ಲೆಕ್ಕದಲ್ಲಿ ಜೆಡಿಎಸ್‌ಗೆ ಹೋದಾಗ ಸುಮಲತಾ ಪಕ್ಷೇತರರಾಗಿ ನಿಂತು 1 ಲಕ್ಷ 25 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಹೆಸರಿದ್ದವರು, ಅನ್ಯಾಯವಾಯಿತೆಂಬ ಅನುಕಂಪವಿದ್ದವರು ಹಾಗೆ ಒಮ್ಮೆ ಗೆಲ್ಲಬಲ್ಲರು. ಶೆಟ್ಟಿಯವರ ಗೆಲುವಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಇದೆ. ಅಧಿಕಾರ ಉತ್ಪಾದನೆಯಾಗುವ ಜಾಗವೇ ಕಾರ್ಖಾನೆ ಎಂದು ಅವರು ತಿಳಿದಿದ್ದರು, ಅಲ್ಲಿಯೇ ವರ್ಷಗಟ್ಟಲೆ ಕೆಲಸ ಮಾಡಿದರು, ಆಮೇಲೆ ಮತ ಕೇಳಿದರು.

ಗೆದ್ದ ಮೇಲೂ ರಸ್ತೆ ಬಿಡಲಿಲ್ಲ. 2009ರ ಕೊನೆಯಲ್ಲಿ ಕೇಂದ್ರ ಹಳೆಯ ಕನಿಷ್ಠ ಬೆಲೆಯ ಜಾಗದಲ್ಲಿ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಎಂದರೆ ಎಫ್‌ಆರ್‌ಪಿ, ತಂದಿತು. 2012ರ ನವೆಂಬರಿನಲ್ಲಿ ಮೊದಲ ಕಂತಿಗಾಗಿ ನಡೆದ ಚಳವಳಿ ಉಗ್ರವಾಯಿತು. ಸಂಸದ ಶೆಟ್ಟಿಯನ್ನು ಇಂದಾಪುರದಲ್ಲಿ ಬಂಧಿಸಿದರು, ಸಾಂಗ್ಲಿ ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ರೈತ ಬಲಿಯಾದ. ಮರುವರ್ಷ ನವೆಂಬರಿನಲ್ಲಿ ಇತ್ತ ಬೆಳಗಾವಿಯ ಸುವರ್ಣಸೌಧದ ಮುಂದೆ ಕಬ್ಬಿನ ಬೆಲೆ ಕೇಳುತ್ತಿದ್ದ ರೈತನೊಬ್ಬ ವಿಷ ಕುಡಿದು ಪ್ರಾಣ ಬಿಟ್ಟ. ಗಡಿಯ ಎರಡೂ ಬದಿಯಲ್ಲಿ ಬೆಳೆ ಒಂದೇ, ಸಂಕಟ ಒಂದೇ. ಇಲ್ಲಿ ಅದಕ್ಕೆ ಲೋಕಸಭೆಯಲ್ಲಿ ತನ್ನದೇ ದನಿ ಇರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುವ ವ್ಯತ್ಯಾಸ.

2014ರಲ್ಲಿ ಶೆಟ್ಟಿ ಭಾಜಪ, ಶಿವಸೇನೆಗಳ ಮಹಾಯುತಿ ಸೇರಿದರು. ಕಾಂಗ್ರೆಸ್ಸಿನ ಕಲ್ಲಪ್ಪಣ್ಣ ಆವಾಡೆಯವರನ್ನು 1 ಲಕ್ಷ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಇಚಲಕರಂಜಿಯ ಎರಡು ಹಳೆಯ ಮನೆಗಳೂ ಈಗ ಅವರೆದುರು ಸೋತಂತಾಯಿತು. ಅವರ ಬಲಗೈಯಂತಿದ್ದ ಸದಾಭಾವು ಖೋತ ಮಾಢಾದಲ್ಲಿ ಅಲ್ಪ ಅಂತರದಿಂದ ಸೋತು, ಬಳಿಕ ವಿಧಾನ ಪರಿಷತ್ತಿಗೆ ಹೋಗಿ ಫಡಣವೀಸ್ ಸರ್ಕಾರದಲ್ಲಿ ರಾಜ್ಯ ಮಂತ್ರಿಯಾದರು. ಅಧಿಕಾರ ಸಂಘಟನೆಯ ಒಳಗೆ ಬಂದದ್ದು ಹೀಗೆ, ಬಿರುಕು ಬಂದದ್ದೂ ಹೀಗೆಯೇ. ಖರ್ಚಿನ ಮೇಲೆ ಅರ್ಧದಷ್ಟು ಲಾಭ ಸೇರಿಸಿ ಬೆಂಬಲ ಬೆಲೆ ಕೊಡುವ ಮಾತು ತಪ್ಪಿದೆ ಎಂದು ಶೆಟ್ಟಿ 2017ರ ಮೇ ತಿಂಗಳಲ್ಲಿ ಪುಣೆಯಿಂದ ಮುಂಬಯಿಗೆ ನಡೆದುಕೊಂಡು ಹೋದರು. ಆಗಸ್ಟಿನಲ್ಲಿ ಖೋತರನ್ನು ಸಂಘಟನೆ ಹೊರಹಾಕಿತು, ಅದೇ ತಿಂಗಳು ಶೆಟ್ಟಿ ಮೈತ್ರಿಕೂಟವನ್ನೂ ಬಿಟ್ಟರು. 2018ರಲ್ಲಿ ಸಾಲಮುಕ್ತಿ ಮತ್ತು ಬೆಂಬಲ ಬೆಲೆಯ ಹಕ್ಕಿಗಾಗಿ ಎರಡು ಖಾಸಗಿ ಮಸೂದೆಗಳನ್ನು ಲೋಕಸಭೆಯಲ್ಲಿ ಮಂಡಿಸಿದರು. ಒಬ್ಬ ಕಬ್ಬು ಬೆಳೆಗಾರ ದೇಶದ ಎಲ್ಲ ರೈತರ ಪರವಾಗಿ ಕಾನೂನು ಬರೆದುಕೊಂಡು ಬಂದದ್ದು ಸಂಸತ್ತಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಸೋಲು ಬಂದದ್ದು 2019ರಲ್ಲಿ. ಈ ಸಲ ಅವರು ಕಾಂಗ್ರೆಸ್ ಮತ್ತು ರಾಷ್ಟ್ರವಾದಿ ಕಾಂಗ್ರೆಸ್ಸಿನ ಜೊತೆ. ಹದಿನೈದು ವರ್ಷ ಯಾರ ಗೇಟಿನ ಮುಂದೆ ಕೂತು ಲೆಕ್ಕ ಕೇಳಿದ್ದರೋ ಅವರ ಜೊತೆಗೇ ವೇದಿಕೆ. ಎದುರಾಳಿ ನಿವೇದಿತಾ ಮಾನೆಯವರ ಮಗ ಧೈರ್ಯಶೀಲ ಮಾನೆ. ಆಗಷ್ಟೇ ಶಿವಸೇನೆ ಸೇರಿ ಅದರ ಟಿಕೆಟ್ ಪಡೆದಿದ್ದರು. ನಮ್ಮ ಉಮೇದುವಾರಿಕೆಯ ವ್ಯವಸ್ಥೆಯನ್ನು ಅರಿಯಲು ಈ ಒಂದು ಟಿಕೆಟ್ ಸಾಕು. ಪಕ್ಷಕ್ಕೆ ಹೊಸಬರಾದರೂ ಮನೆತನ ಹಳೆಯದಿದ್ದರೆ ಬಾಗಿಲು ತೆರೆದಿರುತ್ತದೆ. ಮಾನೆ ಸುಮಾರು 96 ಸಾವಿರ ಮತಗಳಿಂದ ಗೆದ್ದರು. ವಂಚಿತ ಬಹುಜನ ಆಘಾಡಿಯ ಅಭ್ಯರ್ಥಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಮತ ಪಡೆದದ್ದು, ದೇಶದ ಗಾಳಿ ಇನ್ನೊಂದು ಕಡೆ ಬೀಸಿದ್ದು ಇವೂ ಕಾರಣಗಳೇ. ಆದರೂ ಹೊಲದ ಬದುವಿನಲ್ಲಿ ರೈತ ಕೇಳಿದ ಪ್ರಶ್ನೆಗೆ ಶೆಟ್ಟಿಯವರ ಬಳಿ ನೇರ ಉತ್ತರ ಇರಲಿಲ್ಲವೆಂದೇ ನಾನು ತಿಳಿಯುತ್ತೇನೆ: ಅವರ ಜೊತೆ ಹೋದ ಮೇಲೆ ಅವರ ವಿರುದ್ಧ ಹೇಗೆ?

ಆಮೇಲೆ ಅವರಿಗೆ ದೊಡ್ಡ ಪಕ್ಷವೊಂದರ ಶಿಫಾರಸೂ ಸಿಕ್ಕಿತು. 2020ರ ನವೆಂಬರಿನಲ್ಲಿ ಉದ್ಧವ್ ಠಾಕ್ರೆ ಸರ್ಕಾರ ವಿಧಾನ ಪರಿಷತ್ತಿಗೆ ರಾಜ್ಯಪಾಲರ ಕೋಟಾದಿಂದ ಹನ್ನೆರಡು ಹೆಸರು ಕಳಿಸಿದಾಗ, ರಾಷ್ಟ್ರವಾದಿ ಕಾಂಗ್ರೆಸ್ಸಿನ ಪಾಲಿನಲ್ಲಿ ಶೆಟ್ಟಿಯವರ ಹೆಸರಿತ್ತು. ರಾಜ್ಯಪಾಲ ಕೋಶ್ಯಾರಿ ಆ ಪಟ್ಟಿಯನ್ನು ಒಪ್ಪಲೇ ಇಲ್ಲ. 2022ರ ಏಪ್ರಿಲಿನಲ್ಲಿ ಶೆಟ್ಟಿ ಆ ಮೈತ್ರಿಯಿಂದಲೂ ಹೊರಬಂದರು.

ನಮ್ಮ ಕಡೆಯ ಒಂದು ಜೀವನವನ್ನು ಇದರ ಪಕ್ಕ ಇಟ್ಟು ನೋಡಬೇಕು. ರೈತ ಸಂಘದ ಬಾಬಾಗೌಡ ಪಾಟೀಲರು 1989ರಲ್ಲಿ ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ ಎರಡೂ ಕಡೆ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡದಿಂದಲೇ ಪ್ರೊಫೆಸರ್ ನಂಜುಂಡಸ್ವಾಮಿ ವಿಧಾನಸಭೆಗೆ ಬಂದರು. 1998ರಲ್ಲಿ ಬಾಬಾಗೌಡರು ಭಾಜಪದ ಟಿಕೆಟ್ ಪಡೆದು ಬೆಳಗಾವಿಯಿಂದ ಸಂಸದರಾದರು, ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರೂ ಆದರು. ಹೊರಗಿನವರಿಗೆ ಟಿಕೆಟ್ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಮರುವರ್ಷವೇ ಆ ಸ್ಥಾನ ಕಾಂಗ್ರೆಸ್ಸಿಗೆ ಹೋಯಿತು, ಬೆಳಗಾವಿಯ ರೈತ ಚಳವಳಿಗೆ ಅಂಥ ಎತ್ತರ ಮತ್ತೆ ಬರಲಿಲ್ಲ. ತನ್ನದೇ ಗುರುತಿನ ಮೇಲೆ ನಿಂತ ಕೆ. ಎಸ್. ಪುಟ್ಟಣ್ಣಯ್ಯನವರು ಪಾಂಡವಪುರದಿಂದ 1994ರಲ್ಲಿ ಒಮ್ಮೆ, ಮೇಲುಕೋಟೆಯಿಂದ 2013ರಲ್ಲಿ ಇನ್ನೊಮ್ಮೆ, ತಡವಾದರೂ ತಮ್ಮ ಬಲದ ಮೇಲೇ ಬಂದರು.

2024ರ ಚುನಾವಣೆಗೆ ಮೊದಲು ಶೆಟ್ಟಿಯವರ ಮುಂದೆ ಅದೇ ಆಯ್ಕೆ ಬಂತು. ಉದ್ಧವ್ ಠಾಕ್ರೆಯವರ ಶಿವಸೇನೆ ಬೆಂಬಲಕ್ಕೆ ಸಿದ್ಧವಿತ್ತು, ತನ್ನ ಮಶಾಲ್ ಚಿಹ್ನೆಯ ಮೇಲೆ ನಿಲ್ಲಬೇಕೆಂಬ ಷರತ್ತಿನೊಂದಿಗೆ. ಜೀವಮಾನವಿಡೀ ಹೊರಗಿದ್ದವರಿಗೆ ದೊಡ್ಡ ಪಕ್ಷದ ಉಮೇದುವಾರಿಕೆ ಕೈಗೆಟುಕಿತ್ತು. ಶೆಟ್ಟಿ ಒಲ್ಲೆನೆಂದರು. ಪಕ್ಷ ಶಾಹುವಾಡಿಯ ಮಾಜಿ ಶಾಸಕ ಸತ್ಯಜಿತ್ ಪಾಟೀಲ ಸರೂಡಕರರನ್ನು ನಿಲ್ಲಿಸಿತು. ಶಿವಸೇನೆ ಒಡೆದ ಮೇಲೆ ಶಿಂದೆ ಬಣದ ಕಡೆಗಿದ್ದ ಧೈರ್ಯಶೀಲ ಮಾನೆ ಅವರನ್ನು 13 ಸಾವಿರ ಚಿಲ್ಲರೆ ಮತಗಳಿಂದ ಸೋಲಿಸಿದರು. ಶೆಟ್ಟಿ ಮೂರನೆಯವರಾದರು, ಬಿದ್ದ ಮತ ಸುಮಾರು 1 ಲಕ್ಷ 80 ಸಾವಿರ. ಅದೇ ಚುನಾವಣೆಯಲ್ಲಿ ಪಕ್ಕದ ಕೊಲ್ಲಾಪುರದಲ್ಲಿ ಅರಮನೆಯ ಶಾಹು ಛತ್ರಪತಿ ಕಾಂಗ್ರೆಸ್ಸಿನಿಂದ ಗೆದ್ದರು, ಸೋತವರು ಸದಾಶಿವರಾವ್ ಮಂಡಲಿಕರ ಮಗ ಸಂಜಯ.

ಮಶಾಲ್ ಹಿಡಿದಿದ್ದರೆ ಶೆಟ್ಟಿ ಗೆಲ್ಲುತ್ತಿದ್ದರೆಂದು ಹಲವರು ಲೆಕ್ಕ ಹಾಕಿ ತೋರಿಸುತ್ತಾರೆ, ಲೆಕ್ಕ ಸರಿಯೂ ಇರಬಹುದು. ಆದರೆ ಅವರ ತಪ್ಪು 2019ರದ್ದು, 2024ರದ್ದಲ್ಲ ಎಂದು ನನ್ನ ಅಭಿಪ್ರಾಯ. ಒಂದೂ ದೊಡ್ಡ ಪಕ್ಷದ ಚಿಹ್ನೆಯಿಲ್ಲದೆ, ಎರಡು ಸೇನೆಗಳ ನಡುವೆ, ಒಂದು ಕಾರ್ಖಾನೆಯ ಬಲವೂ ಇಲ್ಲದೆ ನಿಂತ ರೈತನಿಗೆ ಬಿದ್ದ ಆ 1 ಲಕ್ಷ 80 ಸಾವಿರ ಮತ ಕಬ್ಬಿನ ಬಿಲ್ಲಿಗಾಗಿ ಬಿದ್ದದ್ದು. ಚಿಕ್ಕೋಡಿ, ರಾಯಬಾಗ, ಅಥಣಿ, ಹುಕ್ಕೇರಿಯ ಬೆಳೆಗಾರರು ಮುಂದಿನ ಚುನಾವಣೆಯಲ್ಲಿ ಯಾರಿಗೆ ಟಿಕೆಟ್ ಸಿಕ್ಕಿತೆಂದು ಕೇಳುವ ಮೊದಲು, ತಮ್ಮಲ್ಲಿ ಅಂಥ ಎಷ್ಟು ಮತಗಳಿವೆ ಎಂದು ಎಣಿಸಿಕೊಳ್ಳಲಿ.